ಅತ್ತೆಯೂ ಅವಳೇ, ಅಜ್ಜಿಯೂ ಅವಳೇ: ಜೀನೋಗ್ರಾಂ ನಮ್ಮ ತರಗತಿಗೆ ಬಂದ ಕತೆ

ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಫೀಲ್ಡ್‌ವರ್ಕ್‌ಗೆ ಹೊರಟರೆ ಬ್ಯಾಗಿನಲ್ಲಿ ಹಲವು ಥರದ ಹಾಳೆಗಳಿರುತ್ತವೆ. ಮನೆಯ ತಲೆಮಾರುಗಳನ್ನು ಗುರುತುಗಳಲ್ಲಿ ತೋರಿಸುವ ಜೀನೋಗ್ರಾಂ, ಕುಟುಂಬದ ಸುತ್ತಲಿನ ನಂಟುಗಳನ್ನು ತೋರಿಸುವ ಇಕೋಮ್ಯಾಪ್, ಅಂಕ ಹಾಕುವ ಪ್ರಶ್ನಾವಳಿ. ಯಾವುದನ್ನು ಯಾವ ಮನೆಯಲ್ಲಿ ತೆಗೆಯಬೇಕು ಅನ್ನೋದೇ ಗೊಂದಲ.

ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1917ರಲ್ಲೇ ಮನೆಭೇಟಿಗೊಂದು ಕ್ರಮ ಹಾಕಿಕೊಟ್ಟರು. 1936ರಲ್ಲಿ ಮುಂಬೈಯಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಶಾಲೆ ಶುರುವಾಗಿ, ಒಬ್ಬೊಬ್ಬರ, ಒಂದೊಂದು ಮನೆಯ ಕಷ್ಟ ಅರಿತು ನೆರವಾಗುವ ಕೇಸ್‌ವರ್ಕ್ ಪಾಠ ನಮ್ಮ ದೇಶದಲ್ಲೂ ಬೇರೂರಿತು. ಇಕೋಮ್ಯಾಪನ್ನು ಅಮೆರಿಕದವರೇ ಆದ ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದರು. ಜೀನೋಗ್ರಾಂನ ಗುರುತುಗಳು 1985ರ ಹೊತ್ತಿಗೆ ಒಂದು ಹದಕ್ಕೆ ಬಂದವು. ಅಷ್ಟರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನೇ ಜೊತೆಗೆ ಕೂರಿಸಿಕೊಂಡು ಚಿಕಿತ್ಸೆ ಕೊಡುವ ಕೆಲಸ ನಡೆಯುತ್ತಿತ್ತು. ನಮ್ಮ ಮನೆಗಳಿಗೆ ಹೊಂದುವ ಪ್ರಶ್ನಾವಳಿಯೂ ಅಲ್ಲಿ ತಯಾರಾಯಿತು.

ಜೀನೋಗ್ರಾಂ ಕಲಿಯೋದು ಸುಲಭ ಅನ್ನಿಸುತ್ತದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಹೋದವರಿಗೆ ಅಡ್ಡಗೆರೆಗಳು. ಒಂದೊಂದು ತಲೆಮಾರಿಗೆ ಒಂದೊಂದು ಸಾಲು. ಆದರೆ ಹಳೆ ಮೈಸೂರು ಕಡೆಯ ಒಂದು ಮನೆಯ ಹಾಳೆಯನ್ನು ನಾನು ನೋಡಿದ್ದೇನೆ. ಸೊಸೆ ಮದುವೆಯಾಗಿದ್ದು ಸೋದರಮಾವನನ್ನೇ. ‘ನಮ್ಮತ್ತೆ ನಂಗೆ ಅಜ್ಜೀನೂ ಹೌದು’ ಎಂದಿದ್ದರು ಆಕೆ. ವಿದ್ಯಾರ್ಥಿನಿ ಅತ್ತೆಗೊಂದು, ಅಜ್ಜಿಗೊಂದು ಅಂತ ಎರಡು ವೃತ್ತ ಬರೆದಿದ್ದಳು. ಮನೆಯಲ್ಲಿದ್ದದ್ದು ಒಬ್ಬಳೇ ಮುದುಕಿ! ತಪ್ಪು ಹುಡುಗಿಯದಲ್ಲ. ತರಗತಿಯಲ್ಲಿ ಅವಳು ನೋಡಿದ್ದ ಚಿತ್ರಗಳಲ್ಲಿ ಇಂಥ ಮನೆಯೇ ಇರಲಿಲ್ಲ.

ಆಮೇಲೆ ಕಾನೂನಿನ ಅಗತ್ಯವೂ ಸೇರಿತು. 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲಿ ಮಗುವಿನ ಮನೆ, ಹಿನ್ನೆಲೆ ತಿಳಿಸುವ ಸಾಮಾಜಿಕ ತನಿಖಾ ವರದಿಗೆ ನಮೂನೆಯೇ ಇದೆ. ಮಗುವಿನ ವಿಷಯ ತೀರ್ಮಾನಿಸುವವರಿಗೆ ಅದು ಬೇಕೇ ಬೇಕು. ಆದರೆ ಕಾಲಂ ತುಂಬಿಸುವ ಅವಸರ ಜಾಸ್ತಿಯಾದರೆ ಮನೆಯವರ ಮುಖ ನೋಡಲು ಹೊತ್ತೇ ಉಳಿಯುವುದಿಲ್ಲ, ಅಲ್ವಾ?

ಮೊದಲು ವಿದ್ಯಾರ್ಥಿ ತನ್ನದೇ ಮನೆಯ ಚಿತ್ರ ಬರೆಯಲಿ. ಮಾತು ಬಿಟ್ಟ ಚಿಕ್ಕಪ್ಪನಿಗೆ ಯಾವ ಗೆರೆ ಎಳೆಯಬೇಕು ಎಂದು ಯೋಚಿಸುವಾಗ ಕೈ ತಡೆಯುತ್ತದೆ. ಬೇರೆಯವರನ್ನು ಅದೇ ಪ್ರಶ್ನೆ ಕೇಳಿದಾಗ ಅವರಿಗೆ ಹೇಗಾಗುತ್ತದೆ ಅನ್ನೋದು ಆಗ ಗೊತ್ತಾಗುತ್ತದೆ. ಹಾಗೆಯೇ, ಹಾಳೆಯನ್ನು ಹಾಸ್ಟೆಲಿಗೆ ಬಂದು ತುಂಬುವುದು ಬೇಡ. ಆ ಮನೆಯ ಜಗಲಿ ಮೇಲೇ ಹರಡಿಕೊಂಡು ಬರೆದಿದ್ದರೆ, ‘ಎರಡೂ ನಾನೇ ಕಣವ್ವ’ ಎಂದು ಆ ಅಜ್ಜಿಯೇ ಬೆರಳಿಟ್ಟು ತೋರಿಸುತ್ತಿದ್ದಳು.