ಔಷಧಿ ಹಾಕಿದ ಮೇಲೂ ಚಿಗಟ ಯಾಕೆ?

“ಔಷಧಿ ಹಾಕಿ ಎಂಟು ದಿನ ಆಯ್ತು ಡಾಕ್ಟ್ರೇ, ಚಿಗಟ ಮತ್ತೆ ಬಂದಿವೆ. ಇನ್ನೊಂದು ಸಲ ಹಾಕಿಬಿಡಲಾ?” ನಾಯಿಮರಿ ಸಾಕುವವರು ಹೀಗೆ ಕೇಳಿದರೆ ಸಂತೋಷ. ಕೆಲವರು ಕೇಳುವುದೇ ಇಲ್ಲ, ಹಾಕಿಯೇ ಬಂದಿರುತ್ತಾರೆ. ಆ ಹೊತ್ತಿಗೆ ಮರಿ ಜೊಲ್ಲು ಸುರಿಸುತ್ತ ನಡುಗುತ್ತಿದ್ದರೆ ಚಿಗಟವನ್ನು ಮರೆತು, ಹೆಚ್ಚಾದ ಔಷಧಿಯ ವಿಷಕ್ಕೆ ಚಿಕಿತ್ಸೆ ಮಾಡಬೇಕಾಗುತ್ತದೆ.

ಮೊದಲು ಅದು ಚಿಗಟವೇ ಎಂದು ಖಚಿತಪಡಿಸಿಕೊಳ್ಳಿ. ಬಾಲದ ಬುಡ, ತೊಡೆಸಂದುಗಳಲ್ಲಿ ಸೀರಣಿಗೆ ಆಡಿಸಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಉದುರಿಸಿ. ಸುತ್ತ ತುಕ್ಕಿನ ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಹರಡದಿದ್ದರೆ ಬಹುಶಃ ಬರೀ ಮಣ್ಣು. ಕೂದಲಿಗೆ ಅಂಟಿಕೊಂಡು ಕೊಡವಿದರೂ ಬೀಳದ ಬಿಳಿ ಚುಕ್ಕಿ ಹೇನಿನ ಸೀರು. ಉಣುಗನ್ನು ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಿ. ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡವೇ ಬೇಡ. ಕಿವಿಯಂಚು, ಮೊಣಕೈಗಳಲ್ಲಿ ಕೂದಲು ಉದುರಿ ವಿಪರೀತ ತುರಿಕೆಯಿದ್ದರೆ, ಅಥವಾ ತುರಿಕೆಯಿಲ್ಲದೆ ಕಣ್ಣಿನ ಸುತ್ತ ಬೋಳಾಗಿದ್ದರೆ ಕಜ್ಜಿಯ ನುಸಿ ಇರಬಹುದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಅದಕ್ಕೆ ಮನೆಯಲ್ಲೇ ಮದ್ದು ಮಾಡಬೇಡಿ.

ಇನ್ನು ಎಂಟನೆಯ ದಿನದ ಚಿಗಟ. ಹೆಣ್ಣು ಚಿಗಟ ರಕ್ತ ಹೀರಿದ ಒಂದೆರಡು ದಿನದಲ್ಲಿ ಮೊಟ್ಟೆಯಿಡಲು ತೊಡಗುತ್ತದೆ, ದಿನಕ್ಕೆ 40ರವರೆಗೂ ಇಡಬಲ್ಲದು. ಈ ಮೊಟ್ಟೆ ಸೀರಿನಂತೆ ಅಂಟುವುದಿಲ್ಲ. ಮರಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತದೆ. ಒಡೆದು ಬಂದ ಹುಳು ಬೆಳಕು ತಪ್ಪಿಸಿ ಚಾಪೆಯಡಿ, ನೆಲದ ಬಿರುಕಿನಲ್ಲಿ ಸೇರಿ, ಉದುರಿದ ಹಿಕ್ಕೆ ತಿಂದು ಬೆಳೆದು ಗೂಡು ಕಟ್ಟುತ್ತದೆ. ಧೂಳು ಮೆತ್ತಿದ ಆ ಗೂಡಿನೊಳಗೆ ಸಿಂಪಡಿಸುವ ಔಷಧಿ ಇಳಿಯುವುದಿಲ್ಲ. ಬೆಚ್ಚಗೆ, ತೇವವಾಗಿದ್ದರೆ ಮೊಟ್ಟೆಯಿಂದ ಚಿಗಟವಾಗಲು ಮೂರು ವಾರ ಸಾಕು. ಇಲ್ಲವಾದರೆ ಗೂಡಿನಲ್ಲೇ ತಿಂಗಳುಗಟ್ಟಲೆ ಕಾಯುತ್ತದೆ. ಹಾಗಾಗಿ ನೀವು ಕಂಡದ್ದು ಬಹುಪಾಲು ಹೊಸ ಚಿಗಟ, ಔಷಧಿ ಹಾಕುವ ಮೊದಲೇ ಗೂಡು ಸೇರಿದ್ದು. ಮರಿಯ ಮೈಮೇಲೆ ಹಾರಿ ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಔಷಧಿ ಕೆಲಸ ಮಾಡುತ್ತಲೇ ಇದೆ, ದಯವಿಟ್ಟು ಇನ್ನೊಂದು ಡೋಸ್ ಹಾಕಬೇಡಿ.

ಆ ಶ್ರಮವನ್ನು ನೆಲಕ್ಕೆ ಹಾಕಿ. ಹಾಸಿಗೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಸೋಫಾದ ಅಡಿ, ಗೋಡೆಯಂಚುಗಳಿಗೆ ವ್ಯಾಕ್ಯೂಮ್ ಹಿಡಿದು, ಕಸವನ್ನು ಕೂಡಲೇ ಮನೆಯಿಂದಾಚೆ ಹಾಕಿ. ಅದರ ಕಂಪನಕ್ಕೆ ಗೂಡಿನ ಚಿಗಟಗಳು ಹೊರಬರುವುದರಿಂದ ಎರಡು ದಿನ ಹೆಚ್ಚು ಕಾಣಬಹುದು, ಹೆದರಬೇಡಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಚಿಕಿತ್ಸೆ ಬೇಕು. ಆದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ನಾಯಿಯ ಮೈಗೆ ಹಾಕುವ ಹನಿ ಔಷಧಿ ಬೆಕ್ಕಿಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಚಿಕಿತ್ಸೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ಕನಿಷ್ಠ ಮೂರು ತಿಂಗಳು ಮುಂದುವರಿಸಿ.

ದೊಡ್ಡ ನಾಯಿಯ ಔಷಧಿಯ ಟ್ಯೂಬನ್ನು ಅರ್ಧ ಮಾಡಿ ಮರಿಗೆ ಹಾಕುವ ಲೆಕ್ಕಾಚಾರವೂ ಅಪಾಯಕಾರಿ. ಮರಿಯನ್ನು ಆ ದಿನವೇ ತೂಗಿ. ಕಳೆದ ತಿಂಗಳ ತೂಕ ಈಗ ಲೆಕ್ಕಕ್ಕಿಲ್ಲ. ಎಂಟು ವಾರ ತುಂಬದ ಮರಿಗೆ ಬಹಳಷ್ಟು ಔಷಧಿಗಳು ಸಲ್ಲವು, ಹೀಗಾಗಿ ಲೇಬಲ್ಲಿನ ವಯಸ್ಸು, ತೂಕ ಓದಿ, ಸಂಶಯವಿದ್ದರೆ ಕೇಳಿ. ಅಂಥ ಎಳೆಯ ಮರಿಗೆ ಉಗುರುಬೆಚ್ಚಗಿನ ನೀರು, ಮರಿಗಳ ಸೌಮ್ಯ ಶಾಂಪೂ ಸಾಕು. ಮೊದಲು ಕುತ್ತಿಗೆಯ ಸುತ್ತ ನೊರೆ ಕಟ್ಟಿ, ಇಲ್ಲದಿದ್ದರೆ ಚಿಗಟಗಳು ಮುಖಕ್ಕೆ ಏರುತ್ತವೆ. ತೊಳೆದು, ಪೂರ್ತಿ ಒಣಗಿಸಿ, ಬೆಚ್ಚಗಿಟ್ಟು ಬಾಚಿ. ಚಿಗಟಗಳು ರಕ್ತ ಹೀರಿ ವಸಡು ಬಿಳಿಚಿಕೊಂಡು ಮರಿ ಸೊರಗಿದ್ದರೆ ಸ್ನಾನಕ್ಕೂ ಕಾಯದೆ ಆಸ್ಪತ್ರೆಗೆ ತನ್ನಿ, ರಕ್ತ ಕೊಡಬೇಕಾದೀತು.

ಗುದದ ಬಳಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದೂ ಚಿಗಟದ್ದೇ ಕೊಡುಗೆ: ಮರಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗಿದ್ದರಿಂದ ಬಂದ ಲಾಡಿಹುಳು. ಮರಿಗಳಿಗೆ ಮಾಮೂಲಾಗಿ ಕೊಡುವ ಜಂತುಹುಳುವಿನ ಪೈರಾಂಟೆಲ್ ಸಿರಪ್ ಇದಕ್ಕೆ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಬೇಕು.