‘ಸುಮ್ನೆ ಅಡ್ಜಸ್ಟ್ ಮಾಡಿದ್ದು ಸಾರ್’

ಶಿವಮೊಗ್ಗ ಸುತ್ತಮುತ್ತಲ ಸಹಕಾರ ಸಂಘಗಳ ಲೆಕ್ಕ ನೋಡುವುದು ನನ್ನ ಕೆಲಸ. ದೊಡ್ಡ ಕಳ್ಳತನ ಕಂಡಿದ್ದು ಕಡಿಮೆ. ಸಣ್ಣಪುಟ್ಟದ್ದೇ ಜಾಸ್ತಿ. ಮಾಡಿದವರಲ್ಲಿ ಹೆಚ್ಚಿನವರು ಊರಲ್ಲಿ ಒಳ್ಳೆಯ ಹೆಸರಿದ್ದವರು.

ಒಬ್ಬ ಗುಮಾಸ್ತರ ಪ್ರಯಾಣ ಭತ್ಯೆಯ ಫೈಲು ಇನ್ನೂ ಕಣ್ಣಮುಂದಿದೆ. ತೀರ್ಥಹಳ್ಳಿಗೆ ತಿಂಗಳಿಗೆ ನಾಲ್ಕು ಸಲ ಬಾಡಿಗೆ ಕಾರಿನ ಬಿಲ್. ಒಂದು ವೋಚರಿನ ಹಿಂದೆ, ಪಿನ್ನಿಗೆ ಸಿಕ್ಕಿಕೊಂಡು, ಅದೇ ದಿನದ ಬಸ್ ಟಿಕೆಟ್! ಕೇಳಿದೆ. ಅವರು ತಡವರಿಸಲಿಲ್ಲ. “ಇಪ್ಪತ್ತೆರಡು ವರ್ಷ ಭಾನುವಾರ ಅನ್ನದೆ ದುಡಿದಿದ್ದೀನಿ ಸಾರ್. ಸಂಘದ ಒಂದು ಪೈಸೆ ಮುಟ್ಟಿದವನಲ್ಲ. ಇದು ಸುಮ್ನೆ ಅಡ್ಜಸ್ಟ್ ಮಾಡಿದ್ದು” ಅಂದರು. ನಾಟಕ ಆಡುತ್ತಿರಲಿಲ್ಲ. ನಿಜವಾಗಿ ಹಾಗೇ ನಂಬಿದ್ದರು. ನನಗೆ ದಿಗಿಲಾಗಿದ್ದು ಅದಕ್ಕೇ.

‘ನಾನು ನಿಯತ್ತಿನವನು’ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಆ ಭಾವನೆ ನಮ್ಮನ್ನು ಕಾಯುತ್ತದೆ. ಲಕ್ಷ ರೂಪಾಯಿ ಎತ್ತಲು ಬಿಡುವುದಿಲ್ಲ. ಆದರೆ ತನಗೆ ಧಕ್ಕೆ ತಾರದ ಸಣ್ಣ ತಪ್ಪಿಗೆ ಅದೇ ಬಾಗಿಲು ತೆರೆಯುತ್ತದೆ. ಇಷ್ಟು ವರ್ಷ ಕೂಡಿಟ್ಟ ನಿಯತ್ತಿನಲ್ಲಿ ಸ್ವಲ್ಪ ಖರ್ಚು ಮಾಡಿದರೆ ಏನಾಯ್ತು ಅನ್ನುತ್ತದೆ ಮನಸ್ಸು. ಮೊನಿನ್ ಮತ್ತು ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲಿ ಇಂಥದ್ದನ್ನೇ ಕಂಡರು. ತಾವು ಪಕ್ಷಪಾತಿಗಳಲ್ಲ ಅಂತ ಮೊದಲು ತೋರಿಸಿಕೊಂಡವರು, ಆಮೇಲೆ ಪಕ್ಷಪಾತ ಮಾಡಲು ಅಷ್ಟು ಹಿಂಜರಿಯಲಿಲ್ಲ.

2013ರಲ್ಲಿ ಮೊನಿನ್ ಇನ್ನಿಬ್ಬರ ಜೊತೆ ಪ್ರಕಟಿಸಿದ ಪ್ರಯೋಗ ನನಗೆ ಇನ್ನೂ ಹತ್ತಿರದ್ದು. ಒಂದರಿಂದ ಹತ್ತರೊಳಗಿನ ಒಂದು ಸಂಖ್ಯೆ ಮನಸ್ಸಿನಲ್ಲಿ ನೆನೆಯಬೇಕು. ಅದು ಸಮಸಂಖ್ಯೆ ಆದರೆ ಹಣ. ಸುಳ್ಳು ಹೇಳಿದರೂ ಹಿಡಿಯುವವರಿಲ್ಲ. ಕೆಲವರಿಗೆ ‘ಮೋಸ ಮಾಡಬೇಡಿ’ ಅಂದರು, ಕೆಲವರಿಗೆ ‘ಮೋಸಗಾರರಾಗಬೇಡಿ’ ಅಂದರು. ಎರಡನೆಯ ಗುಂಪಿನಲ್ಲಿ ಹಣ ಕೇಳಿದವರು ತುಂಬ ಕಡಿಮೆ. ಮಾತು ಕೆಲಸದ ಮೇಲಿಂದ ಮನುಷ್ಯನ ಮೇಲೆ ಬಂತು ನೋಡಿ.

ನಮ್ಮ ಆಫೀಸುಗಳ ಭಾಷೆ ಇದಕ್ಕೆ ತದ್ವಿರುದ್ಧ. ‘ಅಡ್ಜಸ್ಟ್ ಆಯ್ತು’, ‘ಮೇಲುಖರ್ಚಿಗೆ ಹೋಯ್ತು’. ತಾನಾಗಿ ಆದ ಹಾಗೆ, ತಾನಾಗಿ ಹೋದ ಹಾಗೆ! ‘ಸುಳ್ಳು ಬಿಲ್ ಬರೆದೆ’ ಅಂದಾಗ ಮಾತ್ರ ಬರೆದವನು ಎದುರಿಗೆ ನಿಲ್ಲುತ್ತಾನೆ.

ಅಡಿಕೆ ಮಂಡಿಯೊಂದರಲ್ಲಿ ತೂಕ ಹಾಕುವ ಹಿರಿಯರೊಬ್ಬರಿದ್ದಾರೆ. ಒಂದೊಂದು ಚೀಲ ಇಳಿಸಿದ ಮೇಲೂ ಹೆಗಲ ಟವೆಲಿನಿಂದ ತಕ್ಕಡಿಯ ಧೂಳು ಹೊಡೆಯುತ್ತಾರೆ. ಅಡಿಕೆ ತಂದವರು “ನಿಮ್ಮ ಮೇಲೆ ನಂಬಿಕೆ ಇದೆ, ಹಾಕಿ ಮಾರಾಯ್ರೇ” ಅಂದರೂ ಕೇಳುವುದಿಲ್ಲ. “ನಂಬಿಕೆ ಇರಲಿ, ಸೊನ್ನೆ ನೋಡಿ ಹೆಗ್ಡೇರೇ” ಅನ್ನುತ್ತಾರೆ. ತಮ್ಮ ಒಳ್ಳೆಯ ಹೆಸರನ್ನು ಅವರು ತೂಕಕ್ಕೆ ತರುವುದೇ ಇಲ್ಲ. ನನ್ನ ಕೆಲಸಕ್ಕೂ ಅವರೇ ಮೇಷ್ಟ್ರು.

ಆ ಗುಮಾಸ್ತರಿಗೆ ಬಿಳಿ ಹಾಳೆ ಕೊಟ್ಟೆ. ‘ಅಡ್ಜಸ್ಟ್’ ಅನ್ನುವ ಪದ ಬಿಟ್ಟು, ಆಗಿದ್ದನ್ನು ಬರೆಯಿರಿ ಅಂದೆ. ತುಂಬ ಹೊತ್ತು ಕೂತರು. ಕಾಫಿ ಆರಿತು. ಕೊನೆಗೆ ಬರೆದರು: ‘ನಾನು ಬಸ್ಸಿನಲ್ಲಿ ಹೋಗಿದ್ದೆ. ಕಾರಿನದು ಸುಳ್ಳು ಬಿಲ್.’ ಸಹಿ ಹಾಕಿ ಎದ್ದವರು, ನಾನು ಕೇಳದೇ ಇದ್ದ ಹಿಂದಿನ ವರ್ಷದ ಫೈಲನ್ನೂ ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟರು.