ಶೀಟಿನ ಹಾವಸೆಗೆ ಪ್ರೆಶರ್ ವಾಷರ್ ಬೇಡ

ವಿಷು ಕಳೆದು ಮೇ ಕೊನೆಯ ಪತ್ತನಾಜೆ ಬರುವುದರೊಳಗೆ ಮಾಡಿನ, ಅಂದರೆ ಛಾವಣಿಯ, ಕೆಲಸ ಮುಗಿಸುವುದು ನಮ್ಮ ಕಾಸರಗೋಡು ಕಡೆಯ ರೂಢಿ. ಹಿಂದೆ ಒಡೆದ ಹಂಚು ಬದಲಿಸುತ್ತಿದ್ದರು. ಈಗ ಹಟ್ಟಿ, ಬಚ್ಚಲು, ಅಡಿಕೆ ಕೊಟ್ಟಿಗೆಗಳ ಸಿಮೆಂಟ್ ಶೀಟು ತೊಳೆಸುತ್ತಾರೆ. ಬದಿಯಡ್ಕ, ಪೆರ್ಲ, ಕುಂಬಳೆ, ಎಲ್ಲಿ ನೋಡಿದರೂ ಬಾಡಿಗೆಯ ಪ್ರೆಶರ್ ವಾಷರಿಗೆ ಬಿಡುವಿಲ್ಲದ ದಿನಗಳು ಇವು. ಅರ್ಧ ದಿನದಲ್ಲಿ ಹಾವಸೆ ಹೋಗಿ ಕಪ್ಪು ಶೀಟು ಬೆಳ್ಳಗಾಗುತ್ತದೆ, ಮೇಲೊಂದು ಕೋಟು ಪೇಂಟು ಬಿದ್ದರೆ ಮನೆಯವರಿಗೆ ಸಮಾಧಾನ. ಶೀಟಿನಲ್ಲಿ ಆಸ್ಬೆಸ್ಟಾಸ್ ಇದೆ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಬೇಡ ಎಂದರೆ ಬರುವ ಉತ್ತರ ಒಂದೇ: "ನೀರು ಹಾಕಿಯೇ ತೊಳೆಯುವುದಲ್ವಾ ಮಾರಾಯ್ರೆ, ಧೂಳು ಎಲ್ಲಿಂದ?"

ಧೂಳು ಎಲ್ಲಿಂದ ಎಂದು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಬೂದು ಬಣ್ಣದ ಅಲೆಯಲೆ ಶೀಟಿನಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಆಸ್ಬೆಸ್ಟಾಸ್ ನಾರು, ಹೆಚ್ಚಾಗಿ ಕ್ರೈಸೊಟೈಲ್ ಎಂಬ ಬಿಳಿ ಬಗೆ. ಉಳಿದದ್ದು ಸಿಮೆಂಟು, ಹಾರುಬೂದಿ. ಆಸ್ಬೆಸ್ಟಾಸ್ ಇಲ್ಲದ ಶೀಟೂ ಈಗ ಸಿಗುತ್ತದೆ. ಆದರೆ ಹಳೆಯ ಶೀಟಾದರೆ ನಾರು ಇದೆಯೆಂದೇ ತಿಳಿದು ಕೆಲಸ ಮಾಡಬೇಕು, ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಸಿಮೆಂಟು ಗಟ್ಟಿಯಿರುವ ತನಕ ನಾರು ಅದರೊಳಗೆ ಹಿಡಿದುಕೊಂಡಿರುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆ ನೀರು ಶೀಟಿನ ಮೇಲ್ಮೈಯ ಸುಣ್ಣದಂಶವನ್ನು ವರ್ಷವರ್ಷವೂ ಕರಗಿಸುತ್ತದೆ. ಇಪ್ಪತ್ತು ವರ್ಷ ದಾಟಿದ ಶೀಟಿನ ಮೇಲೆ ಬೆರಳಾಡಿಸಿದರೆ ತರಿತರಿ ಅನಿಸುವುದು ಇದಕ್ಕೇ: ಸಿಮೆಂಟು ಹೋಗಿದೆ, ನಾರು ಹೊರಗೆ ಬಂದಿದೆ. ಹಾವಸೆ ಕಚ್ಚಿಕೊಂಡಿರುವುದು ಈ ಸಡಿಲ ಪದರವನ್ನೇ. ಯಂತ್ರದ ನಳಿಗೆಯಿಂದ 100 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ನೀರು ಬಡಿದಾಗ ಹಾವಸೆಯ ಜೊತೆ ಆ ಪದರವೂ ಏಳುತ್ತದೆ. ಕೊಳೆ ಹೋಯಿತೆಂದು ಖುಷಿಪಡುವವರು ನೋಡುತ್ತಿರುವುದು ಶೀಟಿನ ಚರ್ಮ ಸುಲಿದು ಹೋಗುವುದನ್ನೇ.

ಆ ರಾಡಿ ಎಲ್ಲಿಗೆ ಹೋಗುತ್ತದೆ? ಜೋಡಣೆಯ ಸಂದಿನಿಂದ ಒಳಗೆ, ಗೋಡೆಗೆ, ಮಾಡಿನ ನೀರು ಹಿಡಿಯುವ ದಂಬೆಗೆ, ಅಂಗಳಕ್ಕೆ, ಹಗ್ಗದ ಮೇಲಿನ ಬಟ್ಟೆಗೆ. ಒದ್ದೆಯಿರುವಷ್ಟು ಹೊತ್ತು ತೊಂದರೆಯಿಲ್ಲ. ಎರಡು ದಿನದ ಬಿಸಿಲಿಗೆ ಒಣಗುತ್ತದೆ, ಮೂರನೆಯ ದಿನ ಹಿಡಿಸೂಡಿ ಬರುತ್ತದೆ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪುಪ್ಪುಸದ ಆಳಕ್ಕೆ ಇಳಿಯುವ ನಾರು 3 ಮೈಕ್ರಾನಿಗಿಂತ ಸಣ್ಣ. ಗುಡಿಸಿದಾಗ ಎದ್ದದ್ದು ಗಂಟೆಗಟ್ಟಲೆ ಗಾಳಿಯಲ್ಲೇ ಇರಬಹುದು, ಕಣ್ಣಿಗೂ ಬೀಳುವುದಿಲ್ಲ, ಮೂಗಿಗೂ ತಾಗುವುದಿಲ್ಲ. ಒದ್ದೆ ಮಾಡುವುದು ಬೇರೆ, ನೀರಿನಿಂದ ಕೆತ್ತುವುದು ಬೇರೆ. ಆಸ್ಟ್ರೇಲಿಯದಲ್ಲಿ ಆಸ್ಬೆಸ್ಟಾಸಿನ ಮೇಲೆ ಹೆಚ್ಚು ಒತ್ತಡದ ನೀರು ಬಿಡುವುದನ್ನು ಕಾನೂನೇ ತಡೆದಿದೆ. ತಂತಿ ಬ್ರಶ್ಶಿನಿಂದ ಒಣ ಶೀಟು ಉಜ್ಜುವವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಊರು ನಮ್ಮದು, ಇಲ್ಲಿನವರು ಬೇಗ ಹೆದರುತ್ತಾರೆ. ಅದಕ್ಕೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದರ ಎಲ್ಲ ಬಗೆಗಳನ್ನೂ, ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲನೇ ಗುಂಪಿನಲ್ಲಿಟ್ಟಿದೆ. ಪುಪ್ಪುಸದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೆಸೊಥೆಲಿಯೋಮ, ಪುಪ್ಪುಸ ಗಡುಸಾಗುವ ಆಸ್ಬೆಸ್ಟೋಸಿಸ್, ಇವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ತರಿಂದ ನಲ್ವತ್ತು ವರ್ಷ ಕಳೆದ ಮೇಲೆ. ಬೀಡಿ ಸೇದುವವರಿಗೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಆದರೆ ಉಸಿರಾಡಿದ ಪ್ರಮಾಣ ಎಷ್ಟು, ಎಷ್ಟು ವರ್ಷ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಿರುಕಿಲ್ಲದ ಶೀಟಿನ ಅಡಿ ಮಲಗಿದವರಿಗೂ ವರ್ಷವಿಡೀ ಗ್ರೈಂಡರಿನಲ್ಲಿ ಶೀಟು ಕತ್ತರಿಸುವ ಹುಡುಗನಿಗೂ ಅಪಾಯ ಒಂದೇ ಅಲ್ಲ. ಹೆದರಿ ಅವಸರದಲ್ಲಿ ಒಡೆದು ತೆಗೆಯುವುದು, ಶೀಟನ್ನು ಹಾಗೆಯೇ ಬಿಡುವುದಕ್ಕಿಂತ ಕೆಟ್ಟದ್ದು.

ಹಾವಸೆ ಇದ್ದರೆ ಇರಲಿ. ಮಾಡು ಸೋರುವುದು ಹಾವಸೆಯಿಂದಲ್ಲ, ಬಹುಪಾಲು ಶೀಟನ್ನು ಹಿಡಿದಿಡುವ ಜೆ ಬೋಲ್ಟಿನ ತೂತಿನಿಂದ. ಬೋಲ್ಟಿನ ಡಾಂಬರು ವಾಶರು ಬಿಸಿಲಿಗೆ ಒಣಗಿ ಸೀಳಿರುತ್ತದೆ. ಆ ಜಾಗ ಒದ್ದೆ ಮಾಡಿ ನಟ್ಟು ಬಿಚ್ಚಿ ರಬ್ಬರು ವಾಶರು ಹಾಕಿದರೆ ಮುಗಿಯಿತು, ಹೊಸ ತೂತು ಕೊರೆಯುವ ಅಗತ್ಯವಿಲ್ಲ. ಮೇಲಿನ ಶೀಟು ಕೆಳಗಿನದರ ಮೇಲೆ 15 ಸೆಂಟಿಮೀಟರಾದರೂ ಕೂತಿದೆಯೇ ನೋಡಿ. ಶೀಟಿನ ಮೇಲೆ ನೇರ ಕಾಲಿಡಬಾರದು. ಹಳೆಯ ಶೀಟು ಮುನ್ಸೂಚನೆ ಕೊಡದೆ ಮುರಿಯುತ್ತದೆ. ಶೀಟನ್ನು ಹೊತ್ತ ಎರಡು ಪರ್ಲಿನ್ ಪೈಪುಗಳಿಗೆ ತಾಗುವಷ್ಟು ಉದ್ದದ ಹಲಗೆ ಹಾಸಿ ಅದರ ಮೇಲೆ ನಡೆಯಬೇಕು. ಕ್ಯಾನ್ಸರಿಗೆ ವರ್ಷಗಳು ಬೇಕು, ಬಿದ್ದರೆ ಕ್ಷಣ ಸಾಕು. ದಂಬೆಯಲ್ಲಿ ಕೂತ ಕೆಸರಿನಲ್ಲೂ ನಾರು ಇರುತ್ತದೆ, ಒಣಗಿದ ಮೇಲೆ ಕೆರೆಯಬೇಡಿ, ಒದ್ದೆಯಿರುವಾಗಲೇ ತೆಗೆಯಿರಿ. ಹಳೆಯ ಶೀಟಿನ ಮೇಲೆಯೇ ತಗಡಿನ ಶೀಟು ಕೂರಿಸಿ ಸ್ಕ್ರೂ ಹೊಡೆಯುವ ಚಾಳಿಯೂ ಶುರುವಾಗಿದೆ. ಪ್ರತಿ ಸ್ಕ್ರೂ ಒಂದು ಹೊಸ ತೂತು, ಪ್ರತಿ ತೂತಿಗೆ ಒಂದು ಚಿಟಿಕೆ ಪುಡಿ, ಅದೂ ಒಳಗೆ ಇರುವವರ ತಲೆ ಮೇಲೆ.

ಶೀಟನ್ನು ತೆಗೆಯಲೇಬೇಕಾದರೆ ಹೀಗೆ. ಹತ್ತು ಪಾಲು ನೀರಿಗೆ ಒಂದು ಪಾಲು ಪಾತ್ರೆ ತೊಳೆಯುವ ದ್ರವ ಬೆರೆಸಿ, ತೋಟಕ್ಕೆ ಬಳಸುವ ಬೆನ್ನಿನ ಪಂಪಿನಿಂದ ಮಂಜಿನಂತೆ ಸಿಂಪಡಿಸಿ. ಸಾಬೂನು ಇದ್ದರೆ ನೀರು ನಾರಿನೊಳಗೆ ಇಳಿಯುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಗ್ರೈಂಡರಿನಿಂದಲ್ಲ, ಬೋಲ್ಟ್ ಕಟ್ಟರಿನಿಂದ ತುಂಡರಿಸಿ. ಮೂರು ಮೀಟರಿನ ಶೀಟು ಸುಮಾರು 40 ಕಿಲೊ, ಒದ್ದೆಯಾದರೆ ಇನ್ನೂ ಹೆಚ್ಚು; ಮೇಲೆ ಇಬ್ಬರು, ಕೆಳಗೆ ಇಬ್ಬರು ಇಲ್ಲದೆ ಶುರು ಮಾಡಬೇಡಿ. ಇಡೀ ಶೀಟಾಗಿ ಇಳಿಸಿ, ಎಸೆಯುವುದು ಬೇಡ. ಮುಖಕ್ಕೆ ಬೈರಾಸು ಕಟ್ಟಿದರೆ ಏನೂ ಪ್ರಯೋಜನವಿಲ್ಲ, ಕೊರೋನಾ ಕಾಲದ ನೀಲಿ ಮಾಸ್ಕೂ ಸಾಲದು. ಭಾರತೀಯ ಮಾನಕ ಐಎಸ್ 9473ರ ಗುರುತಿರುವ, ಸಣ್ಣ ಕಣ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು, ಸಿಗದಿದ್ದರೆ ಎಫ್‌ಎಫ್‌ಪಿ2. ಗಡ್ಡ ಬಿಟ್ಟವರ ಮುಖಕ್ಕೆ ಅದು ಸರಿಯಾಗಿ ಅಂಟುವುದಿಲ್ಲ. ಕೆಲಸದ ಬಟ್ಟೆ ಅಲ್ಲೇ ನೀರಿಗೆ ಹಾಕಿ, ಮನೆಗೆ ಹೊತ್ತೊಯ್ದು ಕೊಡವಬೇಡಿ. ಶೀಟಿನ ಹತ್ತಿರ ಎಂದೂ ಸುಳಿಯದೆ, ಗಂಡನ ಬಟ್ಟೆ ಒಗೆದೇ ಮೆಸೊಥೆಲಿಯೋಮ ತಂದುಕೊಂಡ ಹೆಂಗಸರ ಪ್ರಕರಣಗಳು ವೈದ್ಯರ ದಾಖಲೆಗಳಲ್ಲಿ ಬೇಕಾದಷ್ಟಿವೆ. ವರ್ಷಗಟ್ಟಲೆ ಶೀಟು ಕತ್ತರಿಸಿದ ಮೇಸ್ತ್ರಿಗಳು ದಮ್ಮು ಕಟ್ಟಿದರೆ ವೈದ್ಯರಿಗೆ ಈ ಕೆಲಸದ ವಿಷಯ ತಪ್ಪದೆ ಹೇಳಲಿ. ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ.

ಕೊನೆಗೆ ಉಳಿಯುವ ಪ್ರಶ್ನೆ, ಇಳಿಸಿದ್ದನ್ನು ಎಲ್ಲಿಡುವುದು. ಒಡೆದು ತೋಟದ ದಾರಿಗೆ ಹಾಸುವುದೇ ಇಲ್ಲಿನ ಸುಲಭ ಉಪಾಯ, ಜೀಪಿನ ಚಕ್ರ ಅದನ್ನು ಮಳೆಗಾಲದವರೆಗೂ ಅರೆಯುತ್ತಿರುತ್ತದೆ. ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರ ಚೀಲಕ್ಕೂ ತುಂಡುಗಳನ್ನು ತುರುಕಬೇಡಿ, ಆ ಹೆಂಗಸರು ಕೈಯಲ್ಲೇ ವಿಂಗಡಿಸುವವರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ, 200 ಮೈಕ್ರಾನಿನದಾದರೆ ಒಳ್ಳೆಯದು, ಎರಡು ಸುತ್ತು ಸುತ್ತಿ ಟೇಪು ಹಾಕಿ, ಮೇಲೆ ಆಸ್ಬೆಸ್ಟಾಸ್ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಮಾಡು ಇಳಿಸುವುದಕ್ಕೆ ಮೊದಲೇ ಪಂಚಾಯತಿನಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅಪಾಯಕಾರಿ ತ್ಯಾಜ್ಯ ಹೂಳುವ ಜಾಗ ಇರುವುದು ದೂರದ ಕೊಚ್ಚಿಯ ಅಂಬಲಮೇಡಿನಲ್ಲಿ. ನಾಲ್ಕು ಶೀಟಿಗೆ ಲಾರಿ ಮಾಡಿಸುವುದು ಯಾರಿಗೂ ಕಟ್ಟುವುದಿಲ್ಲ ಎಂಬುದು ಗೊತ್ತಿದೆ. ನೆರೆಯ ನಾಲ್ಕಾರು ಮನೆಯವರು ಒಟ್ಟಾಗಿ ಕೇಳಿದರೆ ಕಚೇರಿಯವರೂ ಬೇರೆ ರೀತಿ ಮಾತಾಡುತ್ತಾರೆ. ಅಲ್ಲಿಯ ತನಕ ಕಟ್ಟನ್ನು ಬಿಚ್ಚದೆ, ಮಕ್ಕಳು ಹತ್ತದ, ನೀರು ಹರಿಯದ ಮೂಲೆಯಲ್ಲಿ ಮಲಗಿಸಿಡಿ. ಗುತ್ತಿಗೆದಾರರು "ನಾವೇ ತಗೊಂಡು ಹೋಗ್ತೇವೆ" ಎಂದರೆ, ಎಲ್ಲಿಗೆ ಎಂದು ಕೇಳಿ, ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.